ಇಳಿಯದ ಪೆಟ್ರೋಲ್ ಮುಳ್ಳು

ಸೋಮವಾರ ಬೆಳಿಗ್ಗೆ ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಗಂಟೆ, ಆರತಿ ತಟ್ಟೆ ಮುಗಿದಿದ್ದವು. ದೀಪದ ಕಂಬ ಕೈಯಲ್ಲಿತ್ತು. ಆಗ ಫೋನು ಬಂತು. ಆರೂ ನಲವತ್ತು. ಆ ಹೊತ್ತಿಗೆ ಮಗಳು ಕಾರ್ಖಾನೆಯಿರುವ ಶೇಂದ್ರಾದ ಹತ್ತಿರ ಇರಬೇಕು, ಫೋನು ಮಾಡುವ ಹೊತ್ತಲ್ಲ. ಹುಳಿಗೈಯಲ್ಲೇ ಎತ್ತಿಕೊಂಡೆ.

"ಆಯಿ, ಗಾಡಿ ನಿಂತದ. ಪೆಟ್ರೋಲ್ ಸಂಪ್ಯದ."

"ನಿನ್ನೆನ ಫುಲ್ ಅದ ಅಂದಿದ್ದೆಲ್ಲ?"

"ಈಗೂ ಫುಲ್ ಅದ. ಕಾಟಾ ಫುಲ್ ತೋರಸ್ಲಿಕ್ಕತ್ತದ, ಟಾಕಿ ಖಾಲಿ ಅದ."

ಸಂಪ್ಯದ ಎಂದರೆ ಮುಗಿದಿದೆ, ಕಾಟಾ ಎಂದರೆ ಮುಳ್ಳು. ನನ್ನ ಮಗಳು ಬೆಳೆದದ್ದೆಲ್ಲ ಮಹಾರಾಷ್ಟ್ರದಲ್ಲಿ, ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಅವಳು ಬಿದ್ದಿಲ್ಲ, ಬೆಳಕು ಹರಿದಿದೆ, ಮಳೆಯಿಲ್ಲ ಎಂದು ಮನಸ್ಸಿನಲ್ಲೇ ಮೂರು ಸಲ ಬನಶಂಕರಿ ತಾಯಿಗೆ ಕೈಮುಗಿದೆ. ಅದೇ ದಾರಿಯಲ್ಲಿ ಹೊರಟಿದ್ದ ಹಾಲಿನ ಗಾಡಿಯವರೊಬ್ಬರು ತಮ್ಮ ಬೈಕಿನಿಂದ ಒಂದು ಬಾಟಲಿ ಪೆಟ್ರೋಲು ಇಳಿಸಿ ಕೊಟ್ಟರಂತೆ. ಅದೂ ಒಂದು ಪುಣ್ಯವೇ. ಆದರೂ ಅವಳು ಕಾರ್ಖಾನೆಯ ಗೇಟಿನ ಹಾಜರಿ ಮಶೀನಿಗೆ ಬೆರಳು ಒತ್ತಿದಾಗ ಏಳೂ ಹತ್ತು. ಏಳರ ನಂತರ ಒತ್ತಿದರೆ ಲೇಟ್ ಮಾರ್ಕ್.

ಈ ಲೇಟ್ ಮಾರ್ಕಿನ ವಿಷಯ ಸ್ವಲ್ಪ ಹೇಳಬೇಕು. ಮಗಳು ಅಲ್ಲಿ ಮಾಲು ಪರೀಕ್ಷಿಸುವ ವಿಭಾಗದಲ್ಲಿ ಟ್ರೈನಿ. ಆರು ತಿಂಗಳ ತರಬೇತಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಒಂದೇ ತಿಂಗಳಲ್ಲಿ ಮೂರು ಲೇಟ್ ಮಾರ್ಕ್ ಬಿದ್ದರೆ ಹಾಳೆಯ ಮೇಲೆ 'ಅನಿಯಮಿತ' ಎಂದು ಬರೆಯುತ್ತಾರೆ, ಹಾಗೆ ಬರೆಸಿಕೊಂಡವರನ್ನು ಕಾಯಂ ಮಾಡುವುದಿಲ್ಲ. ಕಂಪನಿಯ ಬಸ್ಸು ಇದೆ. ಆದರೆ ಕಾಯಂ ಆದವರಿಗೆ ಮಾತ್ರ. ಅದಕ್ಕೇ ನಮ್ಮ ಯಜಮಾನರ ಮೋಟಾರ್ ಸೈಕಲ್ಲು ನಾಶಿಕದಿಂದ ಇಲ್ಲಿಗೆ, ಛತ್ರಪತಿ ಸಂಭಾಜಿನಗರಕ್ಕೆ ಬಂದದ್ದು. ಅವರು ನಾಶಿಕದ ಬ್ಯಾಂಕಿನಲ್ಲಿ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಂದು ಹೋಗುತ್ತಾರೆ. ನಾನು ಮಗಳ ಜೊತೆ ಇಲ್ಲಿ.

ಅವರಿಗೆ ಫೋನು ಮಾಡಿದೆ. ಗಾಡಿ ನಿಂತಿದೆ ಎಂದ ಕೂಡಲೇ ಅವರು ಗಾಡಿಯ ಪರ ವಹಿಸಿದರು.

"ಐದ ವರ್ಷ ಓಡಿಸೀನಿ. ಒಂದ ದಿನಾ ಸುಳ್ಳ ಹೇಳಿಲ್ಲ ಅದು."

"ಈಗ ಹೇಳ್ಯದರಿ."

"ನಿಮ್ಮ ಕೈಯಾಗ ಬಂದ ಮ್ಯಾಲೆ ಕಲ್ತಿರಬೇಕು."

ನನ್ನದೂ ಒಂದು ತಪ್ಪಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಎಂಟು ದಿನದಿಂದ ಆ ಮುಳ್ಳು ಇಳಿದಿರಲಿಲ್ಲ. ಅದನ್ನು ಮಗಳು ನನಗೆ ತೋರಿಸಿಯೂ ಇದ್ದಳು. ಮನೆಯಲ್ಲಿ ಎಣ್ಣೆ, ಬೆಲ್ಲ, ಗ್ಯಾಸು ಎಲ್ಲವೂ ಇಳಿಯುವಾಗ ಇದೊಂದಾದರೂ ಇಳಿಯುತ್ತಿಲ್ಲವಲ್ಲ, ತಾಯಿಯ ಕೃಪೆ ಎಂದುಕೊಂಡು ದಿನವೂ ಕಣ್ತುಂಬ ನೋಡುತ್ತಿದ್ದೆ.

ಆ ಸಂಜೆ ಇಬ್ಬರೂ ಗಾಡಿಯನ್ನು ನಮ್ಮ ಗಲ್ಲಿಯ ಬಾಯಲ್ಲಿರುವ ಮೆಕ್ಯಾನಿಕರ ಹತ್ತಿರ ಒಯ್ದೆವು. ಐವತ್ತರ ಆಸುಪಾಸಿನವರು, ಹಣೆಗೆ ಕರಿಯ ಬುಕ್ಕಾಪುಡಿ ಇಟ್ಟವರು, ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ಅವರು ಆಡುವುದು ಮರಾಠಿ, ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಸೀಟು ಬಿಚ್ಚಿದರು. ಸೀಟಿನ ಕೆಳಗೆ, ಟ್ಯಾಂಕು ಮುಗಿಯುವಲ್ಲಿ, ನಾನು ಕಟ್ಟಿದ್ದ ಲಿಂಬೆಹಣ್ಣು ಮೆಣಸಿನಕಾಯಿ ಇತ್ತು. ನಾಶಿಕದಲ್ಲಿ ನಾವು ದೇವಳಾಲಿ ಕ್ಯಾಂಪಿನಲ್ಲಿದ್ದಾಗ ಪ್ರತಿ ಶನಿವಾರ ಒಬ್ಬ ಹೆಂಗಸು ತೆಳ್ಳನೆಯ ಕಬ್ಬಿಣದ ತಂತಿಗೆ ಪೋಣಿಸಿ ಮನೆಮನೆಗೆ ಕೊಡುತ್ತಿದ್ದಳು. ಗಾಡಿಗೆ ದೃಷ್ಟಿಯಾಗಬಾರದೆಂದು ಯಜಮಾನರು ಮುಂದಿನ ಹ್ಯಾಂಡಲ್ಲಿಗೆ ಕಟ್ಟಿಕೊಳ್ಳುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮಗಳು, "ಆಯಿ, ಅದನ್ನ ಕಟ್ಟಿದ್ರ ನಾ ಗಾಡೀನ ಒಯ್ಯಂಗಿಲ್ಲ" ಎಂದಳು. ಸರಿ ಎಂದು ನಾನೇ ಪೋಣಿಸಿ, ಯಾರಿಗೂ ಕಾಣದಂತೆ ಸೀಟಿನ ಕೆಳಗೆ ಕಟ್ಟತೊಡಗಿದೆ. ಅವಳಿಗೂ ಗೊತ್ತಿತ್ತು, ಕಾಣದಿದ್ದರೆ ಅವಳ ತಕರಾರಿರಲಿಲ್ಲ.

ಮೆಕ್ಯಾನಿಕರು ಅದನ್ನು ಕಂಡವರೇ ಕೈಯನ್ನು ಅರಿವೆಗೆ ಒರೆಸಿಕೊಂಡರು, ಮೆಲ್ಲಗೆ ಬಿಚ್ಚಿದರು, ಕಣ್ಣಿಗೆ ಒತ್ತಿಕೊಂಡು ತಮ್ಮ ಗಣಪತಿಯ ಫೋಟೋದ ಮುಂದೆ ಇಟ್ಟರು. ಮನಸ್ಸಿಗೆ ಬಹಳ ಸಮಾಧಾನವಾಯಿತು. ಇಂಥವರ ಕೈಗೆ ಗಾಡಿ ಕೊಡಬೇಕು ಅನ್ನಿಸಿತು.

ಆಮೇಲೆ ಟ್ಯಾಂಕಿನ ಕೆಳಗಿಂದ ಬರುವ ವೈರುಗಳನ್ನು ನಮಗೆ ತೋರಿಸಿದರು. ಟ್ಯಾಂಕಿನೊಳಗೆ ಒಂದು ತೇಲುಗುಂಡು ಇರುತ್ತದೆ. ನಮ್ಮ ಮಾಳಿಗೆಯ ನೀರಿನ ಟಾಕಿಯಲ್ಲಿ ಇರುತ್ತದಲ್ಲ, ಅಂಥದ್ದೇ ಸಣ್ಣದು. ಪೆಟ್ರೋಲು ಇಳಿದಂತೆ ಗುಂಡು ಇಳಿಯುತ್ತದೆ, ಆ ಸುದ್ದಿಯನ್ನು ವೈರು ಮೀಟರಿಗೆ ಮುಟ್ಟಿಸುತ್ತದೆ. ಅವರು ವೈರಿನ ಜೋಡಣೆ ಬಿಚ್ಚಿದರು, ಮುಳ್ಳು ತಳಕ್ಕೆ ಬಿತ್ತು. ಎರಡು ತುದಿಗಳನ್ನು ಒಂದು ತಂತಿಯ ತುಂಡಿನಿಂದ ಕೂಡಿಸಿದರು, ಮುಳ್ಳು ಫುಲ್ ಆಯಿತು. ಮತ್ತೆ ಸರಿಯಾಗಿ ಜೋಡಿಸಿ ಚಾವಿ ತಿರುವಿದರು. ಮುಳ್ಳು ತಳದಿಂದ ಒಂದು ಕೂದಲು ಮೇಲೆ ನಿಂತಿತು. ಬಾಟಲಿಯ ಪೆಟ್ರೋಲಿನಲ್ಲಿ ಉಳಿದದ್ದು ಅಷ್ಟೇ ಇದ್ದೀತು.

"ಜೋಡಣೆಯಲ್ಲಿ ಕಸ ಇತ್ತು, ಕಾಕೂ. ಈಗ ಖರೆ ಹೇಳುತ್ತದೆ," ಎಂದು ಚಾವಿ ಮುಚ್ಚಿದರು. ಗಣಪತಿಯ ಮುಂದಿನ ಲಿಂಬೆಹಣ್ಣನ್ನು ತಂದು, ಇದ್ದ ಜಾಗಕ್ಕೇ ಕಟ್ಟಿ, ನಮಸ್ಕಾರ ಮಾಡಿ, ಸೀಟು ಕೂಡಿಸಿದರು. ಮಗಳು ಹೋಗಿ ಟಾಕಿ ತುಂಬಿಸಿಕೊಂಡು ಬಂದಳು. ಮುಳ್ಳು ಫುಲ್ ತೋರಿಸಿತು, ಟಾಕಿಯೂ ಫುಲ್ ಇತ್ತು. ಯಾರಿಗೆ ಸಂಶಯ ಬರಬೇಕು?

ಆ ವಾರದ ಶನಿವಾರ ಯಜಮಾನರು ಬಂದರು. ಭಾನುವಾರ ಗಾಡಿ ತೆಗೆದುಕೊಂಡು ಖುಲ್ತಾಬಾದಿನ ಮಾರುತಿ ದರ್ಶನ ಮಾಡಿ ಬಂದರು. ಮುಳ್ಳು ಫುಲ್ ಇದ್ದುದನ್ನು ನೋಡಿ, ಮಗಳು ಶನಿವಾರ ತುಂಬಿಸಿರಬೇಕು, ಜವಾಬ್ದಾರಿ ಬಂದಿದೆ ಎಂದು ಸಂತೋಷಪಟ್ಟರು. ಸೋಮವಾರ ಮಗಳು ಅದೇ ಮುಳ್ಳನ್ನು ನೋಡಿ, ಅಪ್ಪಾ ತುಂಬಿಸಿ ಹೋಗಿದ್ದಾರೆ ಎಂದು ಸಂತೋಷಪಟ್ಟಳು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಗುರುವಾರ ಬೆಳಿಗ್ಗೆ ಗಾಡಿ ಮೊದಲು ನಿಂತಿದ್ದ ಜಾಗದಿಂದ ಸ್ವಲ್ಪ ಮುಂದೆ ನಿಂತಿತು.

ಎರಡನೆಯ ಲೇಟ್ ಮಾರ್ಕ್. ಮಗಳು ಸಂಜೆ ಬಂದು ಚಹಾ ಬೇಡ ಅಂದಳು. ಅವಳು ಚಹಾ ಬೇಡ ಎಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

"ಇನ್ನೊಂದ ಬಿದ್ರ ಖಲಾಸ್, ಆಯಿ. ನಮ್ಮ ಸಾಹೇಬ್ರು ಒಳ್ಳೆಯವರದಾರ, ಆದ್ರ ಮಶೀನು ಅವ್ರ ಮಾತ ಕೇಳಂಗಿಲ್ಲ."

ಈ ಸಲ ಮೆಕ್ಯಾನಿಕರಿಗೂ ಮಾನದ ಪ್ರಶ್ನೆ. ಸೀಟು ಬಿಚ್ಚಿ, ಲಿಂಬೆಹಣ್ಣನ್ನು ಕಣ್ಣಿಗೆ ಒತ್ತಿ ಗಣಪತಿಯ ಮುಂದಿಟ್ಟು, ಚಾವಿ ತಿರುವಿದರು. ಮುಳ್ಳು ಸರಿಯಾಗಿ ತಳದಲ್ಲಿತ್ತು. ಗಾಡಿಯನ್ನು ಅಲುಗಿಸಿದರು, ಹ್ಯಾಂಡಲ್ಲು ಆಚೀಚೆ ತಿರುಗಿಸಿದರು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಮೀಟರೇ ಆಗೊಮ್ಮೆ ಈಗೊಮ್ಮೆ ಸಿಕ್ಕಿಕೊಳ್ಳುತ್ತಿರಬೇಕು ಎಂದು ತಮ್ಮಲ್ಲಿದ್ದ ಇನ್ನೊಂದು ಮೀಟರು ಕೂಡಿಸಿದರು. ಅದೂ ಸರಿಯಾಗಿ ತೋರಿಸಿತು. ಚಾವಿ ಮುಚ್ಚಿ, ಲಿಂಬೆಹಣ್ಣು ಕಟ್ಟಿ, ನಮಸ್ಕಾರ ಮಾಡಿ ಕಳಿಸಿದರು. ಮನೆಯ ಮುಂದೆ ಬಂದು ಮಗಳು ಚಾವಿ ತಿರುವಿದಳು. ಫುಲ್.

ನಾನೇ ನಡೆದುಕೊಂಡು ಹೋಗಿ ಹೇಳಿದೆ. ಅವರು ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ಹಾಗಾದರೆ ಗುಂಡೇ ಸಿಕ್ಕಿಕೊಂಡಿರಬೇಕು. ನಾಳೆ ಟಾಕಿ ಇಳಿಸುತ್ತೇನೆ. ಮಗಳಿಗೆ ಹೇಳಿ, ಪೆಟ್ರೋಲು ತುಂಬಿಸಬಾರದು, ತುಂಬಿದ ಟಾಕಿ ಇಳಿಸಲಿಕ್ಕಾಗದು. ಹೋಗಿ ಬರುವಷ್ಟು ಇದ್ದರೆ ಸಾಕು."

ಹೋಗಿ ಬರುವಷ್ಟು ಇದೆಯೋ ಇಲ್ಲವೋ ಎಂದು ನೋಡುವ ಕೆಲಸ ನನಗೆ ಬಂತು. ಹೊಸ ಕಡ್ಡಿ ಕಸಬರಿಗೆಯಿಂದ, ಅದನ್ನಿನ್ನೂ ನೆಲಕ್ಕೆ ಮುಟ್ಟಿಸಿರಲಿಲ್ಲ, ಒಂದು ನೆಟ್ಟಗಿನ ಕಡ್ಡಿ ಕಿತ್ತೆ. ಟ್ಯಾಂಕಿನಲ್ಲಿ ಅದ್ದಿ ತೆಗೆದೆ. ಪೆಟ್ರೋಲು ಎಂಥ ಅವಸರದ ಪದಾರ್ಥವೆಂದರೆ, ನಾನು ಚಾಳೀಸು ಕಣ್ಣಿಗೆ ಏರಿಸುವುದರೊಳಗೆ ಕಡ್ಡಿ ಒಣಗಿತ್ತು. ಎರಡನೆಯ ಸಲ ಕಡ್ಡಿಗೆ ವಿಭೂತಿ ಸವರಿ ಅದ್ದಿದೆ. ವಿಭೂತಿ ತೊಳೆದುಹೋದಲ್ಲಿಗೆ ಗೆರೆ ಸ್ಪಷ್ಟವಾಗಿ ಕಂಡಿತು. ಮೂರು ಬೆರಳು. ಯಥೇಚ್ಛವಾಯಿತು ಎಂದು ಮಗಳಿಗೆ ಹೇಳಿದೆ. ಅವಳು ಶುಕ್ರವಾರ ಆ ಮೂರು ಬೆರಳಿನ ಮೇಲೆ ವಿಶ್ವಾಸವಿಟ್ಟು ಹೊರಟಳು.

ನಾನು ಮರೆತದ್ದೇನೆಂದರೆ, ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿ ನಿಂತಿತ್ತು. ಪೆಟ್ರೋಲೆಲ್ಲ ಎಡಗಡೆ ಕೂಡಿತ್ತು, ನಾನು ಕಡ್ಡಿ ಬಿಟ್ಟದ್ದೂ ಎಡಗಡೆಗೇ. ನೆಟ್ಟಗೆ ನಿಲ್ಲಿಸಿದರೆ ಅದು ಒಂದೂವರೆ ಬೆರಳೂ ಇರಲಿಲ್ಲ. ಕಾರ್ಖಾನೆಯ ಗೇಟು ಕಾಣುವಾಗ ಗಾಡಿ ಕೆಮ್ಮಲು ಶುರುಮಾಡಿತಂತೆ. ನಿಂತ ಗಾಡಿಯನ್ನು ದೂಡಿಕೊಂಡು ಓಡಿ ಅವಳು ಬೆರಳು ಒತ್ತಿದಾಗ ಆರೂ ಐವತ್ತೊಂಬತ್ತು.

"ವಿಭೂತಿ ಕೈ ಹಿಡೀತು," ಎಂದೆ ಸಂಜೆ.

"ಹಿಡೀಲಿಲ್ಲ ಆಯಿ. ನಾ ಓಡಿದೆ," ಎಂದಳು.

ಯಾರದೋ ಬಾಟಲಿ ಪೆಟ್ರೋಲಿನ ಮೇಲೆ ಅವಳು ಮನೆಗೆ ಬಂದಿದ್ದಳು, ಆ ಶುಕ್ರವಾರ ಸಂಜೆಯೇ ಟ್ಯಾಂಕು ಇಳಿಯಿತು. ಲಿಂಬೆಹಣ್ಣು ಗಣಪತಿಯ ಮುಂದೆ ಹೋಯಿತು. ಮೆಕ್ಯಾನಿಕರು ತೇಲುಗುಂಡನ್ನು ಹೊರಗೆ ತೆಗೆದು, ವೈರು ಜೋಡಿಸಿ, ಬೆರಳಿನಿಂದ ಎತ್ತಿದರು, ಇಳಿಸಿದರು. ಅವರ ಬೆರಳಿನ ಜೊತೆ ಮುಳ್ಳು ಏರಿತು, ಇಳಿಯಿತು. ಏನೂ ದೋಷವಿಲ್ಲ. ಎಲ್ಲವನ್ನೂ ಮತ್ತೆ ಕೂಡಿಸಿ, ಕೊನೆಗೆ ಲಿಂಬೆಹಣ್ಣನ್ನು, ಅಲುಗಾಡಬಾರದೆಂದು, ಮೊದಲಿಗಿಂತ ಬಿಗಿಯಾಗಿ ಕಟ್ಟಿದರು. ಮನೆಗೆ ಬಂದರೆ ಫುಲ್.

ಈಗ ಅವರೇ ನಮ್ಮ ಗೇಟಿಗೆ ಬಂದು ನೋಡಿದರು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು.

"ಕಾಕೂ, ಈ ಗಾಡಿ ನನಗೆ ಹೆದರುತ್ತದೆ. ನನ್ನ ಮುಂದೆ ಸುಳ್ಳು ಹೇಳುವುದಿಲ್ಲ."

"ಹಂಗಾದ್ರ ನೀವ ದಿನಾ ಅದರ ಜೋಡಿ ಶೇಂದ್ರಾಕ್ಕ ಹೋಗ್ರಿ," ಎಂದೆ.

ಅವರು ನಕ್ಕರು. ಆದರೆ ಹೇಳಿದ್ದು ನಗುವ ಮಾತಲ್ಲ. ಇನ್ನು ಉಳಿದದ್ದು ಗಾಡಿಯ ಪೂರಾ ವೈರಿಂಗು, ಅದನ್ನು ಬಿಚ್ಚಿ ನೋಡಲು ಗಾಡಿ ಎಂಟು ದಿನ ಅಂಗಡಿಯಲ್ಲಿ ಇರಬೇಕು. ಮೂರು ಸಲ ಒಣಗಿದ ಟ್ಯಾಂಕಿನ ಮೇಲೆ ಓಡಿದ್ದರಿಂದ ಒಳಗಿನ ಪೆಟ್ರೋಲ್ ಪಂಪಿಗೂ ಪೆಟ್ಟು, ಇನ್ನೊಮ್ಮೆ ಹಾಗಾದರೆ ಅದು ಸುಟ್ಟೇ ಹೋದೀತು. ತಿಂಗಳು ಮುಗಿಯಲು ಇನ್ನೂ ಹತ್ತು ದಿನ. ಎಂಟು ದಿನ ಗಾಡಿಯಿಲ್ಲದೆ ಹೋಗುವುದು ಹೇಗೆ, ಬೆಳಿಗ್ಗೆ ಆರೂ ಕಾಲಿಗೆ ನಮ್ಮ ಕಡೆಯಿಂದ ಶೇಂದ್ರಾಕ್ಕೆ ಯಾವ ರಿಕ್ಷಾವೂ ಹೊರಡುವುದಿಲ್ಲ.

ಯಜಮಾನರಿಗೆ ಫೋನು ಮಾಡಿದರೆ, "ಗಾಡಿ ವಾಪಸ್ ನಾಶಿಕಕ್ಕ ಕಳಿಸು. ನನ್ನ ಕಡೆ ಸುಮ್ಮ ಇರ್ತದ ಅದು," ಎಂದರು. ನಾನು ಫೋನಿಟ್ಟು, ಮಗಳು ಕಾಯಂ ಆದರೆ ತ್ರ್ಯಂಬಕೇಶ್ವರಕ್ಕೆ ಬಂದು ಅಭಿಷೇಕ ಮಾಡಿಸುತ್ತೇನೆ ಎಂದು ಹರಕೆ ಹೊತ್ತೆ.

ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಬಂದ ಮಗಳು, ಉಣ್ಣುತ್ತ ಉಣ್ಣುತ್ತ ಒಂದು ಮಾತು ಹೇಳಿದಳು.

"ನಮ್ಮ ಕಡೆ ಒಂದು ಮಾಲು ಇಲ್ಲಿ ಪಾಸ್, ಅಲ್ಲಿ ಫೇಲ್ ಆದ್ರ, ಮಾಲ್ ನೋಡಂಗಿಲ್ಲ ಆಯಿ. ಇಲ್ಲಿ ಏನದ, ಅಲ್ಲಿ ಏನಿಲ್ಲ, ಅದನ್ನ ಬರೀತೀವಿ. ಆಮ್ಯಾಲೆ ಒಂದ ಸರತಿಗೆ ಒಂದ ಬದಲ ಮಾಡೋದು."

ಅವಳು ಮಲಗಿದ ಮೇಲೆ ನಾನು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಬರೆಯಲು ಕೂತೆ. ಅಂಗಡಿಯಲ್ಲಿ ನೆರಳು, ಮನೆಯ ಮುಂದೆ ಬಿಸಿಲು. ಅಂಗಡಿಯಲ್ಲಿ ಗಣಪತಿ, ಮನೆಯಲ್ಲಿ ಬನಶಂಕರಿ. ಅದನ್ನು ಹೊಡೆದುಹಾಕಿದೆ. ಅಂಗಡಿಯಲ್ಲಿ ಸೀಟು ಬಿಚ್ಚಿರುತ್ತದೆ, ಮನೆಯಲ್ಲಿ ಕೂಡಿರುತ್ತದೆ. ಇದರಲ್ಲಿ ಹುರುಳಿದೆ ಅನ್ನಿಸಿತು. ಸೀಟಿನ ಭಾರಕ್ಕೆ ವೈರು ಒತ್ತಿರಬಹುದಲ್ಲವೇ? ಚಾವಿ ತೆಗೆದುಕೊಂಡು ಹೋಗಿ, ಸೀಟು ಬಿಚ್ಚಿ ಗೋಡೆಗೆ ಆನಿಸಿ, ಚಾವಿ ತಿರುವಿದೆ. ಫುಲ್. ಸೀಟಿನ ತಪ್ಪಲ್ಲ. ಬಿಸಿಲಿಗೆ ಛತ್ರಿ ಹಿಡಿದೆ, ಆಗಲೂ ಫುಲ್. ಎದುರು ಮನೆಯ ಅಕ್ಕನವರು ಮಾಳಿಗೆಯಿಂದ ನೋಡುತ್ತಿದ್ದರು. ಗಾಡಿಗೆ ಛತ್ರಿ ಯಾಕೆ ಎಂದು ಕೇಳಲಿಲ್ಲ, ದೊಡ್ಡ ಮನಸ್ಸಿನವರು.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಶನಿವಾರ, ಲಿಂಬೆಹಣ್ಣು ಬದಲಿಸಬೇಕು. ಹೇಗೂ ಸೀಟು ಬಿಚ್ಚಿದೆಯಲ್ಲ ಎಂದು ಹೊಸದನ್ನು ಪೋಣಿಸಿ ತಂದೆ. ಚಾವಿ ತಿರುವಿದ್ದು ಹಾಗೇ ಇತ್ತು, ಮುಚ್ಚುವುದನ್ನು ಮರೆತಿದ್ದೆ. ಬಾಯಲ್ಲಿ ಸ್ತೋತ್ರ ಹೇಳುತ್ತ, ಒಣಗಿದ ಹಳೆಯ ಲಿಂಬೆಹಣ್ಣಿನ ತಂತಿ ಬಿಚ್ಚಿದೆ. ಮೆಕ್ಯಾನಿಕರು ಬಿಗಿದದ್ದು, ಉಗುರು ನೋಯುವಷ್ಟು ಗಟ್ಟಿ. ಬಿಚ್ಚಿ ತಲೆಯೆತ್ತಿದರೆ ಮುಳ್ಳು ಕೆಳಗಿತ್ತು.

ಸ್ತೋತ್ರ ನಿಂತಿತು. ಹೊಸದನ್ನು ಕಟ್ಟಿದೆ. ಮುಳ್ಳು ಮೆಲ್ಲಗೆ ಏರಿ ಫುಲ್ ಆಯಿತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಕೈ ತಾನಾಗಿ ಮುಗಿಯಿತು. ಆಮೇಲೆ ಬುದ್ಧಿ ಬಂತು. ಬಿಚ್ಚಿದೆ, ಇಳಿಯಿತು. ಕಟ್ಟಿದೆ, ಏರಿತು. ಚಾಳೀಸು ತಂದು ಬಗ್ಗಿ ನೋಡಿದೆ. ಕಟ್ಟಲು ಬೇರೆ ಕೊಕ್ಕೆ ಸಿಗಲಿಲ್ಲವೆಂದು ನಾನು ಎರಡು ತಿಂಗಳಿನಿಂದ ತಂತಿಯನ್ನು ಸುತ್ತುತ್ತಿದ್ದದ್ದು ಟ್ಯಾಂಕಿನಿಂದ ಬರುವ ಆ ವೈರಿಗೇ. ಗಾಡಿ ಕುಲುಕಿದಂತೆಲ್ಲ ತಂತಿ ಅದರ ಪ್ಲಾಸ್ಟಿಕ್ಕನ್ನು ಗರಗಸದ ಹಾಗೆ ಕೊಯ್ದು ಒಳಗಿನ ತಾಮ್ರವನ್ನು ಮುಟ್ಟಿತ್ತು. ತಂತಿಯ ಇನ್ನೊಂದು ತುದಿ ಗಾಡಿಯ ಕಬ್ಬಿಣಕ್ಕೆ ತಾಗಿತ್ತು. ಮೆಕ್ಯಾನಿಕರು ಮೊದಲ ದಿನ ತುಂಡು ತಂತಿಯಿಂದ ಎರಡು ತುದಿ ಕೂಡಿಸಿ ಫುಲ್ ಮಾಡಿ ತೋರಿಸಿದ್ದರಲ್ಲ, ಅದನ್ನೇ ನಾನು ವಾರವಾರ ಭಕ್ತಿಯಿಂದ ಮಾಡುತ್ತಿದ್ದೆ.

ಅಂಗಳದಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಅಕ್ಕನವರೂ ಒಳಗೆ ಹೋಗಿದ್ದರು. ನಿಜ ಹೇಳಬೇಕೆಂದರೆ, ಮೊದಲು ಬಂದ ವಿಚಾರ ಇದು: ಲಿಂಬೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುವುದು, ಸೀಟು ಹಾಕುವುದು, ಗಾಡಿ ತಾನಾಗಿ ಸರಿಹೋಯಿತು ಅನ್ನುವುದು. ಯಜಮಾನರು ಮುಂದಿನ ಹತ್ತು ವರ್ಷ ಇದನ್ನೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಮಗಳು ಕಂಪನಿಯಲ್ಲೆಲ್ಲ ಹೇಳುತ್ತಾಳೆ. ಎರಡು ಲೇಟ್ ಮಾರ್ಕ್ ಬಿದ್ದದ್ದು ನನ್ನ ಕೈಯಿಂದ.

ಸೀಟು ಎತ್ತಿಕೊಂಡೆ ಕೂಡ. ಆದರೆ ವೈರಿನ ತಾಮ್ರ ಬಾಯಿ ತೆರೆದುಕೊಂಡು ಹಾಗೇ ಇತ್ತು. ಲಿಂಬೆಹಣ್ಣು ಹೋದರೂ ಎಲ್ಲಾದರೂ ಕುಲುಕಿ ಗಾಡಿಯ ಕಬ್ಬಿಣಕ್ಕೆ ತಾಗಿದರೆ ಮುಳ್ಳು ಮತ್ತೆ ಸುಳ್ಳು ಹೇಳುತ್ತದೆ, ಮಗಳು ಅದನ್ನು ನಂಬಿ ಹೊರಡುತ್ತಾಳೆ. ನನ್ನ ಮರ್ಯಾದೆ ಅವಳ ನೌಕರಿಗಿಂತ ದೊಡ್ಡದಲ್ಲ. ಸೀಟು ಕೆಳಗಿಟ್ಟು ಅವಳನ್ನು ಎಬ್ಬಿಸಿದೆ.

ಅವಳು ನಿದ್ದೆಗಣ್ಣಲ್ಲಿ ಬಂದು ನೋಡಿದಳು. ನಾನು ಕಟ್ಟಿ ಬಿಚ್ಚಿ ತೋರಿಸಿದೆ.

"ಇನ್ನೊಮ್ಮೆ ಮಾಡು."

ಮಾಡಿದೆ.

"ಇನ್ನೂ ಒಮ್ಮೆ. ನಮ್ಮ ಕಡೆ ಮೂರು ಸರ್ತಿ ನೋಡ್ತೀವಿ."

ಮೂರನೆಯ ಸಲ ಮುಳ್ಳು ಏರಿದಾಗ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ನಕ್ಕು ನಕ್ಕು ಬಿಕ್ಕಳಿಕೆ ಬಂತು, ನೀರು ತಂದು ಕೊಟ್ಟೆ.

"ಚಹಾ ಮಾಡ್ಲಿ?" ಎಂದೆ.

"ಮಾಡು. ಆಲೆ ಹಾಕು," ಎಂದಳು. ಆಲೆ ಎಂದರೆ ಶುಂಠಿ.

ಮೆಕ್ಯಾನಿಕರನ್ನು ಕರೆಸಿದೆವು. ಅವರು ಬಗ್ಗಿ ನೋಡಿದರು, ತಂತಿ ಮುಟ್ಟಿ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕಿವಿ ತಾವೇ ಹಿಡಿದುಕೊಂಡರು.

"ಮೂರು ಸಲ ನಾನೇ ಬಿಚ್ಚಿದೆ ಕಾಕೂ. ಮೂರು ಸಲ ನಾನೇ ಕಟ್ಟಿದೆ. ದೇವರದ್ದು, ಅದರ ಮೇಲೆ ಸಂಶಯ ಹೇಗೆ ಪಡುವುದು?"

"ದೇವರ ಮ್ಯಾಲೆ ಯಾಕ? ತಂತಿ ನಂದು," ಎಂದೆ.

ವೈರಿನ ಗಾಯಕ್ಕೆ ಟೇಪು ಸುತ್ತಿ, ಅದರ ಮೇಲೆ ಒಂದು ಕೊಳವೆ ಏರಿಸಿ, ಗಾಡಿಯ ಹಳೆಯ ಮೀಟರನ್ನೇ ಮತ್ತೆ ಕೂಡಿಸಿ ಕೊಟ್ಟರು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ನಾನು ವಿಭೂತಿ ಕಡ್ಡಿ ಅದ್ದಿದೆ. ಕಡ್ಡಿಯೂ ಮುಳ್ಳೂ ಒಂದೇ ಮಾತು ಹೇಳಿದವು. ಮಗಳು ಹೋಗಿ ಅರ್ಧ ಟಾಕಿ ಹಾಕಿಸಿಕೊಂಡು ಬಂದಳು, ಮುಳ್ಳು ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತ ಮುಳ್ಳನ್ನು ಅಷ್ಟು ಸಂತೋಷದಿಂದ ಯಾರೂ ನೋಡಿರಲಿಕ್ಕಿಲ್ಲ.

ಯಜಮಾನರಿಗೆ ನಾನೇ ಹೇಳಿದೆ.

"ನಾ ಹೇಳಿದ್ದಿಲ್ಲಾ? ಅದು ಸುಳ್ಳ ಹೇಳೂ ಗಾಡಿ ಅಲ್ಲ," ಎಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲ. ಅದನ್ನು ಎದುರಿಗೇ ಹೇಳಬೇಕೆಂದು ಉಳಿಸಿಕೊಂಡಿದ್ದಾರೆಂದು ಗೊತ್ತಾಯಿತು.

ಭಾನುವಾರ ಸಂಜೆ ಮಗಳು ಗಾಡಿ ಒರೆಸುತ್ತಿದ್ದಳು. ಸೀಟು ಎತ್ತಿ ನೋಡಿ ನನ್ನನ್ನು ಕರೆದಳು.

"ಲಿಂಬಿಹಣ್ಣ ಎಲ್ಲಿ?"

"ಇನ್ನ ಕಟ್ಟಂಗಿಲ್ಲ. ಸಾಕಾತು."

"ಹ್ಯಾಂಡಲಿಗೆ ಕಟ್ಟು. ದಾರದ್ದು, ತಂತಿ ಬ್ಯಾಡ."

"ನಿನಗ ನಾಚಿಕಿ ಬರ್ತದಲ್ಲ?"

ಅವಳು ಅರಿವೆ ಹಿಂಡುತ್ತ ಆ ಕಡೆ ತಿರುಗಿದಳು. "ನಮ್ಮ ಸಾಹೇಬ್ರ ಗಾಡಿಗೂ ಅದ. ಅವ್ರದು ನಿನ್ನದಕ್ಕಿಂತ ದೊಡ್ಡದು," ಎಂದಳು.

ಹತ್ತಿಯ ದಾರವನ್ನು ನಾಲ್ಕು ಎಳೆ ಮಾಡಿ ಪೋಣಿಸಿ, ಹ್ಯಾಂಡಲ್ಲಿಗೆ ಕಟ್ಟಿದೆ. ಅವಳು ಚಾವಿ ತಿರುವಿ ಮುಳ್ಳು ನೋಡಿದಳು, ಮೂರು ಸಲ.

ಸೋಮವಾರ ಆರೂ ಕಾಲಿಗೆ ಅವಳು ಹೊರಟ ಮೇಲೆ ನನಗೆ ಯಾವ ಕೆಲಸದಲ್ಲೂ ಕೈ ಓಡಲಿಲ್ಲ. ದೇವರ ಮುಂದೆ ಕೂತೆ, ಕಣ್ಣು ಮುಚ್ಚಿದರೆ ಮುಳ್ಳೇ ಕಾಣುತ್ತಿತ್ತು. ಆರೂ ನಲವತ್ತಾಯಿತು, ಫೋನು ಬರಲಿಲ್ಲ. ಆರೂ ನಲವತ್ತೈದಾಯಿತು. ಕೊನೆಗೆ ಫೋನು ಒಂದು ಸಲ ಟಿಂಗ್ ಎಂದಿತು. ಬೆರಳು ಒತ್ತುವ ಮಶೀನಿನ ಫೋಟೋ. ಅದರ ಮೇಲೆ ಆರೂ ನಲವತ್ತೆಂಟು. ಕೆಳಗೆ ಮರಾಠಿಯಲ್ಲಿ ಒಂದೇ ಸಾಲು ಬರೆದಿದ್ದಳು, ಪೋಚಲೆ ಆಯಿ, ಮುಟ್ಟಿದೆ ಅಂತ. ಹನ್ನೆರಡು ನಿಮಿಷ ಮೊದಲು. ಆ ಹನ್ನೆರಡನ್ನೂ ಒಂದೊಂದಾಗಿ ಎಣಿಸಿ ತಾಯಿಗೆ ಒಪ್ಪಿಸಿದೆ.

ಉಳಿದ ದಿನಗಳೂ ಹಾಗೇ ಹೋಗಬೇಕು, ಹೋಗುತ್ತವೆ. ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಕಟ್ಟು ಮೆಂತ್ಯ ಬಾಡುತ್ತ ಬಿದ್ದಿತ್ತು. ಹಳೆಯ ಪೇಪರು ಹಾಸಿಕೊಂಡು ಸೋಸಲು ಕೂತೆ.